‘ನಮ್ಮ ಶಾಲೆ’ ಅಂದರೆ ಯಾರ ಶಾಲೆ?

ಮುಂಡಾ ಆದಿವಾಸಿಗಳ ಮುಂಡಾರಿ ಭಾಷೆಯಲ್ಲಿ ‘ನಾವು’ ಅನ್ನೋಕೆ ಒಂದೇ ಪದ ಸಾಲದು. ಎದುರಿಗಿರುವ ನಿಮ್ಮನ್ನೂ ಸೇರಿಸಿಕೊಂಡರೆ ‘ಅಬು’, ನಿಮ್ಮನ್ನು ಬಿಟ್ಟರೆ ‘ಅಲೆ’. ತೆಲುಗಿನ ಮನಂ, ಮೇಮು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಜಾರ್ಖಂಡ್‌ನ ಖೂಂಟಿ ಕಡೆಯ ಮುಂಡಾ ಮಗು ಈ ವ್ಯತ್ಯಾಸವನ್ನು ತೊದಲು ಮಾತಿನ ವಯಸ್ಸಲ್ಲೇ ಕಲಿತು ಶಾಲೆಗೆ ಬರುತ್ತದೆ. ಅಲ್ಲಿ ಹಿಂದಿ. ‘ಹಮಾರಾ ಸ್ಕೂಲ್’ ಅನ್ನುತ್ತಾರೆ ಮೇಷ್ಟ್ರು. ಆ ‘ಹಮ್’ ಒಳಗೆ ತಾನೂ ಇದ್ದೀನಾ ಅನ್ನೋದು ಪದದಿಂದ ಗೊತ್ತಾಗುವುದಿಲ್ಲ, ಮಗು ಅದನ್ನು ಮೇಷ್ಟ್ರ ಮುಖ ನೋಡಿ, ಗೆಳೆಯರನ್ನು ನೋಡಿ, ತನ್ನ ಮಾತಿಗೆ ಸಿಗುವ ಉತ್ತರ ನೋಡಿ ತಿಳಿದುಕೊಳ್ಳಬೇಕು.

ಮಕ್ಕಳಿಗೆ ಶಾಲೆ ಎಷ್ಟು ಹಿಡಿಸಿದೆ ಅನ್ನೋದನ್ನು ಮನಶ್ಶಾಸ್ತ್ರಜ್ಞರು ಅಳೆಯುತ್ತಾರೆ. ಅಮೆರಿಕದ ಸ್ಕಾಟ್ ಹ್ಯೂಬ್ನರ್ 1994ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ 40 ಹೇಳಿಕೆಗಳಿವೆ. ಮನೆ, ಗೆಳೆಯರು, ವಾಸದ ಜಾಗ, ತನ್ನ ಬಗ್ಗೆ ತನಗಿರುವ ಭಾವನೆ, ಜೊತೆಗೆ ಶಾಲೆ. ಶಾಲೆಗೆ ಹೋಗೋಕೆ ಮನಸ್ಸಾಗುತ್ತಾ, ಅಲ್ಲಿರೋಕೆ ಖುಷಿಯಾಗುತ್ತಾ, ಹೀಗೆ. ಅಂಕಪಟ್ಟಿ ಬೇರೆ, ಇದು ಬೇರೆ. ಇಲ್ಲಿ ತೀರ್ಪು ಕೊಡೋದು ಮಗು. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ, ಯಾಕಂದ್ರೆ ಆದಿವಾಸಿ ಮಕ್ಕಳ ಬಗ್ಗೆ ಹಾಜರಾತಿ, ಶಾಲೆ ಬಿಟ್ಟವರ ಲೆಕ್ಕ ಎಲ್ಲ ಕೇಳುತ್ತೇವೆ, ಆದರೆ ‘ನಿನಗೆ ಹೇಗನ್ನಿಸುತ್ತೆ ಮಗು’ ಅಂತ ಕೇಳುವವರು ಕಮ್ಮಿ.

ಬರೀ ಈ ಅಳತೆಪಟ್ಟಿಯನ್ನು ಹಿಂದಿ ಭಾಷೆಗೆ ಅನುವಾದಿಸಿ ಹಂಚಿದರೆ ಸಾಲದು. ಅರ್ಧಂಬರ್ಧ ತಿಳಿದ ಭಾಷೆಯಲ್ಲಿ, ಮೇಷ್ಟ್ರು ಪಕ್ಕದಲ್ಲೇ ನಿಂತಿರುವಾಗ ಕೇಳಿದರೆ ‘ಹೌದು ಸರ್’ ಅಂದುಬಿಡೋದು ಸುಲಭ ಅಲ್ವಾ?

ಗಣಿತದ ತರಗತಿಯನ್ನೇ ನೋಡಿ. ಮುಂಡಾರಿ ಎಣಿಕೆ ಇಪ್ಪತ್ತರ ಲೆಕ್ಕದ್ದು. ಇಪ್ಪತ್ತು ಅಂದರೆ ‘ಹಿಸಿ’. ನಲವತ್ತು ‘ಬರ್ ಹಿಸಿ’, ಎರಡು ಇಪ್ಪತ್ತು. ಅರವತ್ತು ‘ಅಪಿ ಹಿಸಿ’, ಮೂರು ಇಪ್ಪತ್ತು. ನಮ್ಮ ನಲವತ್ತೇಳರಲ್ಲಿ ನಲವತ್ತೂ ಏಳೂ ಕಣ್ಣಿಗೆ ಕಾಣುತ್ತವೆ. ಹಿಂದಿಯ ‘ಸೈಂತಾಲೀಸ್’ನಲ್ಲಿ ಚಾಲೀಸೂ ಕಾಣದು, ಸಾತೂ ಕಾಣದು. ಕೂಡೋದು ಬಂದರೂ ಸಂಖ್ಯೆಯ ಹೆಸರು ಬಾರದೆ ಸುಮ್ನೆ ಕೂತ ಮಗುವನ್ನು ದಡ್ಡ ಅಂದುಬಿಡುತ್ತಾರೆ. ನನಗೂ ಏನೋ ಬರುತ್ತೆ ಅನ್ನುವ ಭಾವನೆ, ನಾನೂ ಇಲ್ಲಿಯವನು ಅನ್ನುವ ಭಾವನೆ, ಶಾಲೆ ಹಿಡಿಸೋಕೆ ಇವೆರಡೂ ಬೇಕು. ಎರಡಕ್ಕೂ ಒಂದೇ ಏಟು ಬೀಳುತ್ತದೆ.

2011ರ ಜನಗಣತಿಯಲ್ಲಿ ಮುಂಡಾರಿ ತಾಯ್ನುಡಿ ಅಂದವರು 11 ಲಕ್ಷಕ್ಕೂ ಜಾಸ್ತಿ. ಅದೇ ಭಾಷಾ ಕುಟುಂಬದ ಸಂತಾಲಿ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು, ಮುಂಡಾರಿ ಇನ್ನೂ ಹೊರಗೇ ಇದೆ. ಒಡಿಶಾ 2007ರಲ್ಲಿ ಆದಿವಾಸಿ ಮಕ್ಕಳಿಗೆ ಅವರವರ ಭಾಷೆಯಲ್ಲೇ ಕಲಿಕೆ ಶುರು ಮಾಡುವ ಕೆಲಸಕ್ಕೆ ಇಳಿದಾಗ ಮೊದಲ ಹತ್ತು ಭಾಷೆಗಳಲ್ಲಿ ಮುಂಡಾ ಕೂಡ ಇತ್ತು. ಇಂಥ ತರಗತಿಯ ಮಕ್ಕಳನ್ನೂ ಹಿಂದಿ ತರಗತಿಯ ಮಕ್ಕಳನ್ನೂ, ಶಾಲೆ ಹೇಗನ್ನಿಸುತ್ತೆ ಅಂತ ಮುಂಡಾರಿಯಲ್ಲೇ ಮಾತಾಡಿಸಬೇಕು. ಶಾಲೆಯ ಗೋಡೆಯ ಆಚೆ, ಊರಿನ ಅಖ್ರಾದಲ್ಲಿ, ಅವರು ಕುಣಿದು ಆಡುವ ಜಾಗದಲ್ಲಿ, ಮೇಷ್ಟ್ರು ಇಲ್ಲದಾಗ.