ಓದುಗರ ಪ್ರಶ್ನೆ: ಹಡಗಿನ ಬ್ಯಾಲಾಸ್ಟ್ ನೀರಿಗೆ ಯಾವ ಶುದ್ಧೀಕರಣ ವ್ಯವಸ್ಥೆ ಸೂಕ್ತ?

ಪ್ರಶ್ನೆ: ನನ್ನ ಮಗ ಸರಕು ಹಡಗಿನಲ್ಲಿ ಎಂಜಿನಿಯರ್. ಬ್ಯಾಲಾಸ್ಟ್ ನೀರಿನ ಶುದ್ಧೀಕರಣಕ್ಕೆ ಅತಿನೇರಳೆ ಕಿರಣದ ವ್ಯವಸ್ಥೆ ಮೇಲೋ, ಕ್ಲೋರಿನ್ ವ್ಯವಸ್ಥೆಯೋ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಹಡಗು ಎಂತಹ ನೀರಿನಲ್ಲಿ ನಿಂತು ತನ್ನ ತೊಟ್ಟಿಗಳನ್ನು ತುಂಬಿಸಿಕೊಳ್ಳುತ್ತದೆ ಎಂಬುದರ ಮೇಲೆ ಈ ಆಯ್ಕೆ ನಿಂತಿದೆ. ಸರಕಿಲ್ಲದ ಹಡಗು ಸ್ಥಿರತೆಗಾಗಿ ಒಂದು ಬಂದರಿನ ನೀರನ್ನು ತುಂಬಿಕೊಂಡು, ಸರಕು ಹೇರುವ ಮತ್ತೊಂದು ಬಂದರಿನಲ್ಲಿ ಅದನ್ನು ಹೊರಬಿಡುತ್ತದೆ. ಕುದುರೆಮುಖದ ಅದಿರಿಗಾಗಿ ಪಣಂಬೂರಿಗೆ ಖಾಲಿಯಾಗಿ ಬರುತ್ತಿದ್ದ ಹಡಗುಗಳದೂ ಇದೇ ಕ್ರಮ. ಆ ನೀರಿನೊಂದಿಗೆ ಬರುವ ಜೀವಿಗಳು, ಲಂಟಾನ ನಮ್ಮ ಕಾಡುಗಳಿಗೆ ಹಬ್ಬಿದಂತೆ, ಹೊಸ ತೀರಕ್ಕೆ ಹಬ್ಬಬಲ್ಲವು. ಆದ್ದರಿಂದಲೇ 2004ರಲ್ಲಿ ರೂಪುಗೊಂಡು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯು, ಹೊರಬಿಡುವ ಪ್ರತಿ ಘನ ಮೀಟರ್ ನೀರಿನಲ್ಲಿ 50 ಮೈಕ್ರೋಮೀಟರ್ ಅಥವಾ ಅದಕ್ಕೂ ದೊಡ್ಡದಾದ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕೆಂದು ವಿಧಿಸುತ್ತದೆ.

ಅತಿನೇರಳೆ ವ್ಯವಸ್ಥೆಯಲ್ಲಿ ನೀರು ಮೊದಲು ಫಿಲ್ಟರಿನಲ್ಲಿ ಸೋಸಿ, ನಂತರ ದೀಪಗಳ ನಡುವೆ ಹರಿಯುತ್ತದೆ. ರಾಸಾಯನಿಕದ ಗೊಡವೆಯಿಲ್ಲ, ಸಿಹಿನೀರಿಗೂ ಸಲ್ಲುತ್ತದೆ. ಆದರೆ ಕದಡಿದ ನೀರಿನಲ್ಲಿ ಕಿರಣ ಒಳಗಿಳಿಯದು. ಮಳೆಗಾಲದಲ್ಲಿ ಚಿಕ್ಕಮಗಳೂರಿನ ಘಟ್ಟಗಳ ಕೆಮ್ಮಣ್ಣನ್ನು ನೇತ್ರಾವತಿ ಹೊತ್ತೊಯ್ದು ಮಂಗಳೂರಿನಲ್ಲಿ ಕಡಲಿಗೆ ಸುರಿಯುವುದನ್ನು ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ನೀರಿನಲ್ಲಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ, ಅದನ್ನು ತೊಳೆಯಲು ನೀರನ್ನು ಹಿಮ್ಮುಖವಾಗಿ ಹಾಯಿಸಬೇಕಾಗುತ್ತದೆ, ಪಂಪಿನ ಹರಿವು ಕುಗ್ಗಿ ಬಂದರಿನ ಕೆಲಸವೇ ತಡವಾಗುತ್ತದೆ.

ಎರಡನೆಯದರಲ್ಲಿ ಸಮುದ್ರದ ನೀರಿಗೇ ವಿದ್ಯುತ್ ಹಾಯಿಸಿ, ಅದರ ಉಪ್ಪಿನಿಂದ ಕ್ಲೋರಿನ್ ಪಡೆಯುತ್ತಾರೆ. ಗಂಟೆಗೆ ಸಾವಿರಾರು ಘನ ಮೀಟರ್ ನೀರೆತ್ತುವ ದೊಡ್ಡ ಅದಿರು ಹಡಗಿಗೆ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ನದೀಮುಖದ ಸಪ್ಪೆ ನೀರಿನಲ್ಲಿ ಉಪ್ಪು ಸಾಲದು, ತೀರ ತಣ್ಣನೆಯ ನೀರಿನಲ್ಲೂ ದಕ್ಷತೆ ತಗ್ಗುತ್ತದೆ. ಹಾಗಾಗಿ ಉಪ್ಪುನೀರನ್ನು ಒಂದು ತೊಟ್ಟಿಯಲ್ಲಿ ಮೊದಲೇ ಕೂಡಿಟ್ಟುಕೊಳ್ಳಬೇಕು. ಉತ್ಪತ್ತಿಯಾಗುವ ಹೈಡ್ರೋಜನ್ ಅನಿಲವನ್ನು ಸುರಕ್ಷಿತವಾಗಿ ಹೊರಹಾಕಬೇಕು, ಉಳಿದ ಕ್ಲೋರಿನನ್ನು ಸೋಡಿಯಂ ಥಯೋಸಲ್ಫೇಟಿನಂತಹ ರಾಸಾಯನಿಕದಿಂದ ತಟಸ್ಥಗೊಳಿಸಿಯೇ ನೀರನ್ನು ಬಿಡಬೇಕು.

ನಿಮ್ಮ ಮಗ ಕಳೆದ ವರ್ಷಗಳಲ್ಲಿ ಹಡಗು ಮುಟ್ಟಿದ ಬಂದರುಗಳ ಪಟ್ಟಿಯನ್ನು, ತಯಾರಕರ ಅನುಮೋದನಾ ಪತ್ರದಲ್ಲಿರುವ ಉಪ್ಪಿನಂಶ, ಉಷ್ಣತೆ, ನೀರನ್ನು ತೊಟ್ಟಿಯಲ್ಲಿ ಇರಿಸಬೇಕಾದ ಕನಿಷ್ಠ ಅವಧಿ ಇವುಗಳ ಮಿತಿಯೊಂದಿಗೆ ಹೋಲಿಸಿ ನೋಡಲಿ. ಹಡಗು ಅಮೆರಿಕಕ್ಕೂ ಹೋಗುವುದಾದರೆ ಅಲ್ಲಿನ ಕೋಸ್ಟ್ ಗಾರ್ಡ್‌ನ ಪ್ರತ್ಯೇಕ ಅನುಮೋದನೆಯೂ ಆ ವ್ಯವಸ್ಥೆಗೆ ಇರಬೇಕು.