ಮೊಡವೆಗೆ ಯಾರ ಮೇಲೆ ಗೂಬೆ ಕೂರಿಸೋಣ?

ಆಕಾಶದಲ್ಲಿ ಉಲ್ಕೆ ಜಾರುವುದು ಕಂಡ ಕೂಡಲೇ ಒಂದು ಬಟ್ಟೆ ತೆಗೆದುಕೊಂಡು ಮುಖದ ಮೊಡವೆ ಒರೆಸಿಕೊಳ್ಳಿ. ಚುಕ್ಕಿ ಬಿದ್ದ ಹಾಗೆ ಮೊಡವೆಯೂ ಉದುರುತ್ತದೆ. ಬರಿಗೈಲಿ ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಅದು ಕೈಗೆ ಬಂದುಬಿಡುತ್ತದೆ. ಇದನ್ನು ಬರೆದಿಟ್ಟವನು ಮಾರ್ಸೆಲಸ್. ಸುಮಾರು 1,600 ವರ್ಷಗಳ ಹಿಂದೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್‌ನ ಆಸ್ಥಾನದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು.

ನಗು ಬರುತ್ತೆ, ಅಲ್ವಾ? ಆದರೂ ಈ ಮದ್ದಿಗೆ ಒಂದು ಒಳ್ಳೆಯ ಗುಣವಿದೆ. ಮೊಡವೆ ಬಂದವರನ್ನು ಅದು ಬೈಯುವುದಿಲ್ಲ.

ಸುಶ್ರುತ ಸಂಹಿತೆಯೂ ಬೈಯುವುದಿಲ್ಲ. ಹರೆಯದವರ ಮುಖದಲ್ಲಿ ಬೂರುಗದ ಮುಳ್ಳಿನಂಥ ಗುಳ್ಳೆ ಏಳುತ್ತವೆ ಎನ್ನುತ್ತದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಅಗಲ ಬುಡ, ಚೂಪು ತುದಿ, ಥೇಟ್ ಮೊಡವೆ! ಕಫ, ವಾತ ಮತ್ತು ರಕ್ತ ಕೆಟ್ಟಿದ್ದೇ ಕಾರಣವೆಂದು ಅದರ ಲೆಕ್ಕ. ಹಾಗಾಗಿ ಮದ್ದು ವಾಂತಿ ಮಾಡಿಸುವುದು. ಜೊತೆಗೆ ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ ಅರೆದ ಲೇಪ.

ಬೈಗುಳ ಶುರುವಾದದ್ದು ಆಮೇಲೆ. ಹಸ್ತಮೈಥುನದಿಂದ ಮೊಡವೆ ಬರುತ್ತದೆ ಎಂದು ಹುಡುಗರನ್ನು ಹೆದರಿಸಿದರು. ಕೊಳಕು ಎಂದರು. ಕೊಳಕಿನ ಆರೋಪಕ್ಕೆ ಸಾಕ್ಷಿಯಾಗಿ ಸಿಕ್ಕಿದ್ದು ಬ್ಲ್ಯಾಕ್‌ಹೆಡ್. ಪಾಪ, ಅದರ ಕಪ್ಪು ಕೊಳೆಯಲ್ಲವೇ ಅಲ್ಲ. ಚರ್ಮದ ರಂಧ್ರದೊಳಗೆ ಸತ್ತ ಕೋಶಗಳು ಉದುರಿ ಹೋಗದೆ ಅಂಟಿಕೊಂಡು ಬಿರಡೆ ಕಟ್ಟುತ್ತವೆ. ಬಾಯಿ ತೆರೆದ ಬಿರಡೆಯ ತುದಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ಸೇರಿ ಆ ಬಣ್ಣ ಬರುತ್ತದೆ. ಬಿರಡೆಯ ಹಿಂದೆ ಎಣ್ಣೆ ತುಂಬಿ, ಬ್ಯಾಕ್ಟೀರಿಯಾ ಬೆಳೆದು, ಊದಿಕೊಂಡರೆ ಅದೇ ಕೆಂಪು ಮೊಡವೆ. ಇದು ಗೊತ್ತಿಲ್ಲದೆ ನಾನು ಹೈಸ್ಕೂಲಿನಲ್ಲಿ ದಿನಕ್ಕೆ ಆರು ಸಲ ಸೋಪು ಹಾಕಿ ಮುಖ ತಿಕ್ಕುತ್ತಿದ್ದೆ. ಚರ್ಮ ಸುಲಿಯಿತು, ಮೊಡವೆ ಕದಲಲಿಲ್ಲ.

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ವೈದ್ಯರು ಮುಖಕ್ಕೆ ಎಕ್ಸ್‌ರೇ ಹಾಯಿಸಿದರು. ಎಣ್ಣೆ ಗ್ರಂಥಿಗಳು ಬತ್ತಿ ಮೊಡವೆ ನಿಜಕ್ಕೂ ಕಮ್ಮಿಯಾಯಿತು. ಹಾಗೆ ಮಾಡಿಸಿಕೊಂಡವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಜಾಸ್ತಿ ಎಂದು ತಿಳಿದದ್ದು ವರ್ಷಗಳ ಮೇಲೆ. 1950ರ ದಶಕದಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬಂತು. ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಕೊಳ್ಳತೊಡಗಿತು. ಅದಕ್ಕೇ ಈಗ ಆಂಟಿಬಯಾಟಿಕ್ ಒಂದನ್ನೇ ಕೊಡದೆ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಸೇರಿಸಿ ಕೊಡುತ್ತಾರೆ.

1969ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ತಂಡ ಎರಡು ಕೆಲಸ ಮಾಡಿತು. ಒಂದು, ಚಾಕೊಲೇಟಿಗೆ ಕ್ಲೀನ್ ಚಿಟ್. 65 ಜನರಿಗೆ ಚಾಕೊಲೇಟ್ ಬಾರ್ ಮತ್ತು ಅದರಂಥದ್ದೇ ನಕಲಿ ಬಾರ್ ತಿನ್ನಿಸಿ, ವ್ಯತ್ಯಾಸವಿಲ್ಲ ಎಂದರು. ನಕಲಿ ಬಾರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು! ದುಡ್ಡು ಕೊಟ್ಟಿದ್ದು ಚಾಕೊಲೇಟ್ ತಯಾರಕರ ಸಂಘ. ಇನ್ನೊಂದು ಗಟ್ಟಿ ಕೆಲಸ. ವಿಟಮಿನ್ ಎ ಇಂದ ಬಂದ ಟ್ರೆಟಿನಾಯಿನ್ ಹಚ್ಚಿದರೆ ಆ ಬಿರಡೆಯೇ ಕಟ್ಟುವುದಿಲ್ಲ ಎಂದು ತೋರಿಸಿದರು. ಈ ಮುಲಾಮನ್ನು ಹೊಗಳುವಾಗ ನನಗೆ ನಾಲಿಗೆ ತಡೆಯುತ್ತದೆ. ಕ್ಲಿಗ್‌ಮನ್ ವರ್ಷಗಟ್ಟಲೆ ಔಷಧ, ರಾಸಾಯನಿಕಗಳನ್ನು ಪರೀಕ್ಷಿಸಿದ್ದು ಅಲ್ಲಿನ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ. ಅವರಲ್ಲಿ ಬಹುತೇಕರು ಕಪ್ಪುಜನ. ಅದು ನಿಂತದ್ದು 1974ರಲ್ಲಿ.

ವಿಟಮಿನ್ ಎ ಕುಟುಂಬದ್ದೇ ಮಾತ್ರೆ ಐಸೊಟ್ರೆಟಿನಾಯಿನ್. 1979ರಲ್ಲಿ ಅಮೆರಿಕದ ಚರ್ಮವೈದ್ಯ ಗ್ಯಾರಿ ಪೆಕ್ ತಂಡ ತೀವ್ರ ಮೊಡವೆಯ 14 ಜನರಿಗೆ ಕೊಟ್ಟಾಗ 13 ಜನರ ಮುಖ ಪೂರ್ತಿ ತಿಳಿಯಾಯಿತು. ಅಷ್ಟು ಪರಿಣಾಮಕಾರಿ ಮದ್ದು ಅದಕ್ಕೂ ಮುಂಚೆ ಇರಲಿಲ್ಲ. 1982ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಗರ್ಭಿಣಿ ತೆಗೆದುಕೊಂಡರೆ ಮಗುವಿನ ಮೆದುಳು, ಹೃದಯ, ಕಿವಿ ಊನವಾಗಬಹುದು. ಆದ್ದರಿಂದ ಇದನ್ನು ವೈದ್ಯರ ಚೀಟಿ ಇಲ್ಲದೆ ಸುಮ್ನೆ ತೆಗೆದುಕೊಳ್ಳುವಂತಿಲ್ಲ.

ಇಷ್ಟಕ್ಕೂ ಎಣ್ಣೆ ಉಕ್ಕಿಸುವುದು ಯಾರು? 1941ರಲ್ಲೇ ಅಮೆರಿಕದ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ ಹೇಳಿದ್ದ. ವೃಷಣ ಇಲ್ಲದ ಗಂಡಸರಿಗೆ ಗಂಡು ಹಾರ್ಮೋನು ಟೆಸ್ಟೊಸ್ಟೆರೋನ್ ಕೊಟ್ಟಾಗ ಅವರಲ್ಲಿ ಮೊಡವೆ ಎದ್ದಿತ್ತು. ಆ ಹಾರ್ಮೋನಿನ ಕೆಲಸವನ್ನು ಚರ್ಮದಲ್ಲೇ ತಡೆಯುವ ಕ್ಲಾಸ್ಕೊಟೆರೋನ್ ಕ್ರೀಮಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ನಡುವೆ 79 ವರ್ಷ. ಅಷ್ಟೂ ಕಾಲ ಹುಡುಗರು ಸೋಪು ತಿಕ್ಕುತ್ತಲೇ ಇದ್ದರು, ನಾನೂ ಸೇರಿ.