ಕಡಿಮೆ ಮಾಡಿದ್ದು ಎಲ್ಲಿಂದ ಅಂತ ಕೇಳಿ

"ಸರ್, ಫುಲ್ ಇನ್ಶೂರೆನ್ಸ್ ಐತ್ರಿ. ಕೈಯಿಂದ ಒಂದ್ ರೂಪಾಯಿ ಹಾಕಂಗಿಲ್ಲ ಅಂತ ಹೇಳ್ಯಾರ್ರಿ."

ಹುಬ್ಬಳ್ಳಿಯ ಗಬ್ಬೂರು ಕಡೆಯ ಗ್ಯಾರೇಜುಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾನು ಸರ್ವೇಯರ್. ಅಪಘಾತವಾದ ಲಾರಿ ನೋಡಿ, ಏನು ಹೋಗಿದೆ, ಎಷ್ಟು ಹಣ ಸಿಗಬೇಕು ಅಂತ ವರದಿ ಬರೆಯುವುದು ನನ್ನ ಕೆಲಸ. ಪಾಲಿಸಿ ಮಾರುವವನು ನಾನಲ್ಲ. ಹಾಗಾಗಿ ಲಾರಿ ಮಾಲೀಕರ ಮುಖ ನಾನು ನೋಡುವುದು ಎಲ್ಲ ಮುಗಿದ ಮೇಲೆ. ಪಾಲಿಸಿಯಲ್ಲಿ ಇಲ್ಲದ್ದನ್ನು ನಾನು ವರದಿಯಲ್ಲಿ ಸೇರಿಸಲು ಬರುವುದಿಲ್ಲ. ಅದನ್ನು ಎದುರಿಗೆ ನಿಂತು ಹೇಳುವುದು ಸುಲಭವಲ್ಲ.

ಒಮ್ಮೆ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೊರಟಿದ್ದ ಆರು ಚಕ್ರದ ಲಾರಿ ಮುಂದಿನ ಗಾಡಿಗೆ ಗುದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಬಂಪರ್, ಎರಡೂ ಹೆಡ್‌ಲೈಟ್, ಮಡ್‌ಗಾರ್ಡ್ ಹೋಗಿದ್ದವು. ಆ ಭಾಗಕ್ಕೆ ಪೂರ್ತಿ ಪೇಂಟ್ ಬೇಕಿತ್ತು. ಮಾಲೀಕರ ಪಾಲಿಸಿ ತೆರೆದು ನೋಡಿದೆ. ಐಎಂಟಿ 23 ಎಂಬ ಹೆಚ್ಚುವರಿ ಷರತ್ತು ಅದರಲ್ಲಿ ಇರಲಿಲ್ಲ. ಸರಕು ಲಾರಿಗೆ ಆ ಷರತ್ತು ಬೇರೆಯಾಗಿ ಹಾಕಿಸದಿದ್ದರೆ ಲೈಟು, ಬಂಪರು, ಮಡ್‌ಗಾರ್ಡು, ಟೈರು, ಬಾನೆಟ್‌ನ ಅಕ್ಕಪಕ್ಕದ ಭಾಗ, ಪೇಂಟು ಇವಕ್ಕೆ ಹಣ ಬರುವುದಿಲ್ಲ. ಲಾರಿ ಪೂರ್ತಿ ಹೋದರೆ ಮಾತ್ರ ಲೆಕ್ಕ ಬೇರೆ. ಸಣ್ಣ ಡಿಕ್ಕಿಯಲ್ಲಿ ಮೊದಲು ಒಡೆಯುವುದೇ ಇವು, ಅಲ್ವಾ?

"ಹೋದ ವರ್ಷಕ್ಕಿಂತ ಎರಡು ಸಾವಿರ ಕಮ್ಮಿ ಮಾಡಿಸಿದ್ದೆ ಸರ್" ಎಂದರು ಅವರು. ಆ ಎರಡು ಸಾವಿರದಲ್ಲಿ ಹೆಚ್ಚಿನದು ಎಲ್ಲಿಂದ ಬಂತು ಅಂತ ಅವರಿಗೆ ಆವತ್ತು ಗೊತ್ತಾಯಿತು.

ನನ್ನ ಮಾತು ಇಷ್ಟೇ, ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ. ಲಾರಿಯ ಪ್ರೀಮಿಯಂನಲ್ಲಿ ಎರಡು ಭಾಗ ಇರುತ್ತವೆ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಲಾರಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಇನ್ನೊಂದು ಓಡಿ, ಅಂದರೆ ನಿಮ್ಮ ಸ್ವಂತ ಲಾರಿಯ ಹಾನಿಗೆ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಯಾವ ಕಂಪನಿಗೆ ಹೋದರೂ ಅದೇ ದರ. 2022ರ ಜೂನ್ 1ರಿಂದ ಬಂದ ಪಟ್ಟಿಯಲ್ಲಿ ಬಾಡಿಗೆಗೆ ಓಡುವ ಸರಕು ವಾಹನಕ್ಕೆ 7,500 ಕಿಲೋವರೆಗೆ 16,049 ರೂಪಾಯಿ. 12,000 ಕಿಲೋವರೆಗೆ 27,186. 20,000 ಕಿಲೋವರೆಗೆ 35,313. 40,000ದವರೆಗೆ 43,950. ಅದಕ್ಕೂ ಮೇಲೆ 44,242. ಜಿಎಸ್‌ಟಿ ಬೇರೆ. ದರ ಬದಲಾಗುತ್ತಿರುತ್ತದೆ, ನವೀಕರಿಸುವಾಗ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ಕಿಲೋ ಅಂದರೆ ಲಾರಿಯ ಸ್ವಂತ ತೂಕ, ಲೋಡು ಎರಡೂ ಸೇರಿ. "ನಂದು ಹತ್ತು ಟನ್ ಪಾಸಿಂಗ್, ನನಗ್ಯಾಕ ಮೂವತ್ತೈದು ಸಾವಿರ?" ಅಂತ ಜಗಳಕ್ಕೆ ಬರುವವರಿದ್ದಾರೆ. ಪಾಸಿಂಗ್ ಅಂದರೆ ಹೇರಬಹುದಾದ ಲೋಡು ಮಾತ್ರ, ಒಟ್ಟು ತೂಕ ಬೇರೆ. ಆರ್‌ಸಿಯಲ್ಲಿ ಬರೆದಿರುತ್ತದೆ.

ಈ ದುಡ್ಡು ಜಾಸ್ತಿ ಅನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 2021ರ ಜನವರಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ, ಇಟಿಗಟ್ಟಿ ಹತ್ತಿರ, ಟಿಪ್ಪರ್ ಮತ್ತು ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ ದಾವಣಗೆರೆಯಿಂದ ಹೊರಟಿದ್ದ ಗೆಳತಿಯರಲ್ಲಿ ಹಲವರು ತೀರಿಕೊಂಡರು. ಆ ರಸ್ತೆಯಲ್ಲಿ ಹೋಗುವಾಗ ಇವತ್ತಿಗೂ ನೆನಪಾಗುತ್ತದೆ. ಸಾವು, ಗಾಯದ ಪರಿಹಾರಕ್ಕೆ ಥರ್ಡ್ ಪಾರ್ಟಿಯಲ್ಲಿ ಇಷ್ಟೇ ಅಂತ ಮಿತಿ ಇಲ್ಲ. ಅಪಘಾತ ಪರಿಹಾರದ ಟ್ರಿಬ್ಯೂನಲ್ ಎಷ್ಟು ಹೇಳಿದರೆ ಅಷ್ಟು. ಷರತ್ತು ಮುರಿದಿದ್ದರೆ ಕಂಪನಿ ಆಮೇಲೆ ಮಾಲೀಕರಿಂದ ವಸೂಲಿಗೆ ಬರಬಹುದು, ಅದು ಬೇರೆ ಮಾತು. ದುಡಿಯುವ ಒಬ್ಬ ಮನುಷ್ಯ ಹೋದರೆ ಆ ಮನೆಗೆ ಲಕ್ಷಗಳಲ್ಲೇ ಪರಿಹಾರ ಕೊಡಬೇಕಾಗುತ್ತದೆ. ಆ ಭಾರ ಹೊರುವುದಕ್ಕೆ ನೀವು ಕಟ್ಟುವ ದುಡ್ಡು ಇದು.

ಈಗ ಲೆಕ್ಕ ನೋಡಿ. ನಿಮ್ಮ ಥರ್ಡ್ ಪಾರ್ಟಿ 35,313, ಓಡಿ 10,000 ಅಂತ ಇಟ್ಟುಕೊಳ್ಳಿ. ಒಬ್ಬರು ನಿಮಗೆ ಮೂರು ಸಾವಿರ ಕಡಿಮೆ ಹೇಳಿದರು. ಥರ್ಡ್ ಪಾರ್ಟಿಯಲ್ಲಿ ಒಂದು ರೂಪಾಯಿ ಕೂಡ ಕಡಿಮೆ ಮಾಡಲು ಬರುವುದಿಲ್ಲ. ಹಾಗಾದರೆ ಆ ಮೂರು ಸಾವಿರ ಪೂರ್ತಿ ಹತ್ತು ಸಾವಿರದೊಳಗಿಂದಲೇ ಬಂದಿರಬೇಕು. ನಿಮಗೆ ಅದು ನಲವತ್ತೈದು ಸಾವಿರದಲ್ಲಿ ಮೂರು ಸಾವಿರ ಅಂತ ಕಾಣುತ್ತದೆ. ನಿಜವಾಗಿ ನಿಮ್ಮ ಲಾರಿಯ ರಕ್ಷಣೆಗೆ ಅಂತ ಇದ್ದ ಹಣದಲ್ಲಿ ಮೂರನೇ ಒಂದು ಪಾಲು ಹತ್ತಿರ ಹತ್ತಿರ ಹೋಯಿತು. ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಕೂಡ ಹೀಗೇ. ಐವತ್ತು ಪರ್ಸೆಂಟ್ ಅಂದರೆ ಒಟ್ಟು ಬಿಲ್ಲಿನ ಅರ್ಧ ಅಲ್ಲ, ಓಡಿಯಲ್ಲಿ ಮಾತ್ರ.

ಓಡಿ ಕಡಿಮೆ ಮಾಡಿದ್ದೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಕಂಪನಿಗಳು ನಿಜವಾಗಿಯೂ ಡಿಸ್ಕೌಂಟ್ ಕೊಡುತ್ತವೆ, ಪೈಪೋಟಿ ಇದೆ. ಆದರೆ ಡಿಸ್ಕೌಂಟ್ ಯಾವುದು, ಕತ್ತರಿಸಿದ್ದು ಯಾವುದು ಅಂತ ನೀವು ಕೇಳಬೇಕು. ಐಎಂಟಿ 23ಕ್ಕೆ ಹಳೆಯ ದರಪಟ್ಟಿಯ ಪ್ರಕಾರ ಓಡಿಯ 15 ಪರ್ಸೆಂಟ್. ಹತ್ತು ಸಾವಿರಕ್ಕೆ ಸಾವಿರದ ಐನೂರು. ಅಷ್ಟಕ್ಕೆ ಅದನ್ನು ಬಿಡಬೇಡಿ. ಅದು ಇದ್ದರೂ ಪೂರ್ತಿ ಹಣ ಬರುವುದಿಲ್ಲ, ಸವಕಳಿ ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ ಕಳೆಯುತ್ತಾರೆ.

ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಲಾರಿಯ ಬೆಲೆ, ಕತ್ತರಿಸುವುದು ಇನ್ನೂ ಅಪಾಯ. ಐದು ವರ್ಷ ದಾಟಿದ ಲಾರಿಗೆ ಐಡಿವಿ ಮಾತಾಡಿ ಒಪ್ಪಿಕೊಳ್ಳುವ ಬೆಲೆ. ಅದನ್ನು ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ. "ಕಳ್ಳತನ ಆದ್ರ ತಾನೇ ಅದು ಬೇಕು, ನನ್ನ ಲಾರಿ ಯಾರ್ ಒಯ್ತಾರ?" ಅನ್ನುತ್ತಾರೆ. ಇಲ್ಲೇ ಎಡವುವುದು. ಎತ್ತಿ ತಂದು ರಿಪೇರಿ ಮಾಡುವ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಲಾರಿ ಟೋಟಲ್ ಲಾಸ್ ಅಂತ ಲೆಕ್ಕ. ಆಗ ರಿಪೇರಿಗೆ ಹಣ ಇಲ್ಲ, ಐಡಿವಿ ಲೆಕ್ಕದಲ್ಲೇ ಮುಗಿಸುತ್ತಾರೆ.

ಗದಗ ಕಡೆಯ ಒಬ್ಬರ ಏಳು ವರ್ಷದ ಲಾರಿ ಅರಬೈಲ್ ಘಟ್ಟದಲ್ಲಿ ಮಗುಚಿತ್ತು. ಡ್ರೈವರ್ ಬದುಕಿದ. ಎಸ್ಟಿಮೇಟ್ 6.4 ಲಕ್ಷ ಬಂತು. ಮಾರ್ಕೆಟ್ಟಿನಲ್ಲಿ ಆ ಲಾರಿಗೆ ಹನ್ನೊಂದು ಲಕ್ಷ ಬರುತ್ತಿತ್ತು, ಅವರು ಐಡಿವಿ ಎಂಟು ಲಕ್ಷಕ್ಕೆ ಇಳಿಸಿಸಿದ್ದರು. ಎಂಟರ 75 ಪರ್ಸೆಂಟ್ ಆರು ಲಕ್ಷ. ದಾಟಿಬಿಟ್ಟಿತು. ಹನ್ನೊಂದೇ ಇದ್ದಿದ್ದರೆ 8.25 ಲಕ್ಷದವರೆಗೆ ರಿಪೇರಿಗೆ ಜಾಗ ಇತ್ತು. ಅವರಿಗೆ ಬೇಕಿದ್ದದ್ದೂ ರಿಪೇರಿಯೇ. "ಈ ಗಾಡಿ ಮ್ಯಾಲೆ ಮಗಳ ಮದುವಿ ಮಾಡೀನ್ರಿ" ಎಂದು ಕ್ಯಾಬಿನ್ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಎಂಟು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಂತು, ಅದೂ ನೇರವಾಗಿ ಫೈನಾನ್ಸಿಗೆ ಹೋಯಿತು. ಸಾಲ ಒಂಬತ್ತು ಲಕ್ಷ ಇತ್ತು. ಲಾರಿ ಇಲ್ಲದೆ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಸಾಲ ಉಳಿಯಿತು. ಐಡಿವಿ ಇಳಿಸಿ ಅವರು ಉಳಿಸಿದ್ದು ಎರಡು ಸಾವಿರದಷ್ಟು.

ಹೊಸ ಲಾರಿಯವರೂ ಒಂದು ವಿಷಯ ನೋಡಿ. ಚಾಸಿ ಶೋರೂಮಿನಿಂದ ಬರುತ್ತದೆ, ಬಾಡಿ ಬೇರೆ ಕಡೆ ಕಟ್ಟಿಸುತ್ತೀರಿ. ಐಡಿವಿಯಲ್ಲಿ ಬಾಡಿಯ ಬೆಲೆ ಸೇರಿದೆಯಾ? ಎಷ್ಟೋ ಪಾಲಿಸಿಗಳಲ್ಲಿ ಬರೀ ಚಾಸಿ ಬೆಲೆ ನೋಡಿದ್ದೇನೆ.

ಪ್ರತಿ ಕಂಪನಿಯ ಷರತ್ತಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ನಾನು ಇಲ್ಲಿ ಬರೆದದ್ದನ್ನೇ ಹಿಡಿದು ಕ್ಲೇಮಿಗೆ ನಿಲ್ಲಬೇಡಿ, ನಿಮ್ಮ ಪಾಲಿಸಿ ಓದಿ. ಇಂಗ್ಲಿಷ್ ಬರದಿದ್ದರೆ ಮನೆಯಲ್ಲಿ ಓದುವ ಮಕ್ಕಳ ಕೈಗೆ ಕೊಡಿ. ಮೂರು ಕಡೆ ಬೆರಳಿಟ್ಟು ತೋರಿಸಲು ಹೇಳಿ: ಐಡಿವಿ ಎಷ್ಟು, ಐಎಂಟಿ 23 ಇದೆಯಾ, ಡ್ರೈವರ್ ಕ್ಲೀನರ್ ಎಷ್ಟು ಜನ ಅಂತ ಬರೆದಿದೆ.

ಆ ಮೂರನೆಯದು ಕೆಲಸದಲ್ಲಿ ಅವರಿಗೆ ಏನಾದರೂ ಆದರೆ ಮಾಲೀಕರು ಕೊಡಬೇಕಾದ ಪರಿಹಾರಕ್ಕೆ. ಅದಕ್ಕೆ ದರಪಟ್ಟಿಯಲ್ಲಿ ಒಬ್ಬರಿಗೆ ವರ್ಷಕ್ಕೆ 50 ರೂಪಾಯಿ. ಅಮರಗೋಳ ಎಪಿಎಂಸಿಯಲ್ಲಿ ಒಂದು ಲಾರಿ ನೋಡಲು ಹೋಗಿದ್ದಾಗ ಅದರ ಪಾಲಿಸಿಯಲ್ಲಿ ಒಬ್ಬರ ಲೆಕ್ಕ ಮಾತ್ರ ಇತ್ತು. ಕ್ಲೀನರ್ ಹುಡುಗ ನನಗೆ ಚಹಾ ತಂದುಕೊಟ್ಟ. ಮಾಲೀಕರಿಗೆ ಆ ಹುಡುಗನನ್ನು ತೋರಿಸಿ, "ಇವನದು ಎಲ್ಲಿ?" ಎಂದು ಕೇಳಿದೆ. ಅವರು ಅಲ್ಲೇ ನಿಂತು ಏಜೆಂಟರಿಗೆ ಫೋನ್ ಹಚ್ಚಿದರು.